ಹೋಟೆಲ್ ಒಲೆಯ ಪೈಲಟ್ ತೆಗೆಸುವ ಮುನ್ನ

ಮಾನ್ಯ ಸಂಪಾದಕರೇ,

ಕಮರ್ಷಿಯಲ್ ಸಿಲಿಂಡರ್ ಬೆಲೆ ಏರಿದಾಗಲೆಲ್ಲ ನನಗೆ ಫೋನ್ ಬರುವುದು ಜಾಸ್ತಿಯಾಗುತ್ತದೆ. ನಾನು ಹೋಟೆಲ್, ಬೇಕರಿ, ಹಾಸ್ಟೆಲ್ ಅಡುಗೆಮನೆಗಳ ಗ್ಯಾಸ್ ಸಾಮಾನು ರಿಪೇರಿ ಮಾಡುವವನು. ಫೋನ್ ಮಾಡಿದವರ ಮಾತು ಹೆಚ್ಚುಕಡಿಮೆ ಒಂದೇ. "ಅಣ್ಣಾ, ಈ ಪೈಲಟ್ ಬೆಳಗ್ಗಿಂದ ರಾತ್ರಿವರೆಗೆ ಸುಮ್ನೆ ಉರೀತಾ ಇರುತ್ತೆ, ಅದನ್ನ ಕಿತ್ತು ಕರೆಂಟ್ ಸ್ಪಾರ್ಕ್ ಹಾಕಿಕೊಡಿ." ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಕೆಲಸ ಎಷ್ಟೋ ಕಡೆ ನಡೆಯುತ್ತಿರುವ ರೀತಿ ನೋಡಿದರೆ ಹೆದರಿಕೆಯಾಗುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಯಿತು, ದಯವಿಟ್ಟು ಪೂರ್ತಿ ಹಾಕಿ.

ಪೈಲಟ್ ಅಂದರೆ ದೊಡ್ಡ ಬರ್ನರ್ ಪಕ್ಕದಲ್ಲಿ ಸದಾ ಉರಿಯುವ ಸಣ್ಣ ಉರಿ. ನಾಬ್ ತಿರುಗಿಸಿದ ಕೂಡಲೇ ದೊಡ್ಡದಕ್ಕೆ ಅದೇ ಬೆಂಕಿ ಕೊಡುತ್ತದೆ. ಅದು ಎಷ್ಟು ಗ್ಯಾಸ್ ತಿನ್ನುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಪೈಲಟ್‌ಗಳೆಲ್ಲ ಒಂದೇ ಅಳತೆಯವಲ್ಲ, ಆದರೂ ಒಂದು ಲೆಕ್ಕ ಹಾಕೋಣ. 150 ವಾಟ್ ಶಾಖ ಕೊಡುವ ಪೈಲಟ್ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಶಾಖವಿದೆ. ಹಾಗಾದರೆ ಗಂಟೆಗೆ 12 ಗ್ರಾಂ ಹತ್ತಿರ, ಹಗಲು ರಾತ್ರಿ ಉರಿದರೆ ದಿನಕ್ಕೆ 280 ಗ್ರಾಂ, ತಿಂಗಳಿಗೆ ಎಂಟೂವರೆ ಕಿಲೋ. ಅಂಥ ನಾಲ್ಕು ಇದ್ದರೆ ತಿಂಗಳಿಗೆ 19 ಕಿಲೋದ ಸಿಲಿಂಡರ್ ಒಂದೂಮುಕ್ಕಾಲು. ಕಡಿಮೆಯೇನಲ್ಲ. ಆದರೆ ನಿಮ್ಮ ದೋಸೆ ಪ್ಲೇಟಿನ ಬರ್ನರ್ ಬೆಳಗ್ಗೆ ಆರಕ್ಕೆ ಹಚ್ಚಿದರೆ ಹನ್ನೊಂದರವರೆಗೆ ಆರುವುದೇ ಇಲ್ಲ, ಆ ಹೊತ್ತಿನಲ್ಲಿ ಪೈಲಟ್ಟಿನ ಶಾಖವೂ ಅದೇ ಕಾವಲಿಗೇ ಹೋಗುತ್ತದೆ. ಅದು ನಷ್ಟವಲ್ಲ. ನಿಜವಾದ ನಷ್ಟ ಆಗುವುದು ಮಧ್ಯಾಹ್ನ ಶಟರ್ ಎಳೆದಾಗ ಮತ್ತು ರಾತ್ರಿ. ಆಗ ಪೈಲಟ್ ಕಾಕ್ ಮುಚ್ಚಿ, ಗೋಡೆಯ ಮೇನ್ ಕಾಕನ್ನೂ ಮುಚ್ಚಿ ಹೋದರೆ ಉಳಿತಾಯದ ದೊಡ್ಡ ಪಾಲು ಬಿಡಿಗಾಸು ಖರ್ಚಿಲ್ಲದೆ ಬಂತು. ಒಂದೋ ಎರಡೋ ಪೈಲಟ್ ಇರುವ ಸಣ್ಣ ಹೋಟೆಲಿನವರಿಗೆ ನಾನು ಇಷ್ಟೇ ಹೇಳಿ ಕಳಿಸುತ್ತೇನೆ. ನನ್ನ ವ್ಯಾಪಾರಕ್ಕೆ ನಷ್ಟ, ಇರಲಿ.

ಈಗ ಮುಖ್ಯ ವಿಷಯ. ಪೈಲಟ್ ಇರುವುದು ಬರೀ ಹಚ್ಚುವುದಕ್ಕಲ್ಲ. ಒಳ್ಳೆಯ ಫ್ರೈಯರ್, ಅವನ್, ಗ್ರಿಡಲ್‌ಗಳಲ್ಲಿ ಪೈಲಟ್ ಉರಿಯೊಳಗೆ ಬೆರಳಿನ ಗಾತ್ರಕ್ಕಿಂತ ಸಣ್ಣದೊಂದು ಲೋಹದ ಕಡ್ಡಿ ಚಾಚಿಕೊಂಡಿರುತ್ತದೆ. ಅದಕ್ಕೆ ಥರ್ಮೋಕಪಲ್ ಅನ್ನುತ್ತಾರೆ. ಕಾದಾಗ ಅದರಲ್ಲಿ ಇಪ್ಪತ್ತು ಮೂವತ್ತು ಮಿಲಿವೋಲ್ಟ್ ಕರೆಂಟ್ ಹುಟ್ಟುತ್ತದೆ. ಗೋಡೆ ಗಡಿಯಾರದ ಸೆಲ್ಲಿನಲ್ಲಿ 1500 ಮಿಲಿವೋಲ್ಟ್ ಇರುತ್ತದೆ, ಇದು ಅದರ ಐವತ್ತರಲ್ಲಿ ಒಂದು ಭಾಗ, ಇಲ್ಲವೇ ಅದಕ್ಕೂ ಕಡಿಮೆ. ಆದರೆ ಅಷ್ಟರಿಂದಲೇ ಒಳಗಿನ ಪುಟ್ಟ ಮ್ಯಾಗ್ನೆಟ್, ಸ್ಪ್ರಿಂಗ್ ಒತ್ತಡ ತಡೆದುಕೊಂಡು, ಗ್ಯಾಸಿನ ಬಾಗಿಲನ್ನು ತೆರೆದೇ ಹಿಡಿದಿರುತ್ತದೆ. ಗಾಳಿಗೋ ಉಕ್ಕಿದ ಸಾಂಬಾರಿಗೋ ಪೈಲಟ್ ಆರಿತು ಅನ್ನಿ. ಕಡ್ಡಿ ತಣ್ಣಗಾಗುತ್ತದೆ, ಮ್ಯಾಗ್ನೆಟ್ ಕೈಬಿಡುತ್ತದೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಸ್ಪ್ರಿಂಗ್ ಟಕ್ ಅಂತ ಗ್ಯಾಸ್ ಮುಚ್ಚುತ್ತದೆ. ಪೈಲಟ್ ಹಚ್ಚುವಾಗ ನಾಬನ್ನು ಅರ್ಧ ನಿಮಿಷ ಒತ್ತಿಯೇ ಹಿಡಿಯಬೇಕಲ್ವಾ, ಅದು ಈ ಕಡ್ಡಿ ಕಾಯಲಿ ಅಂತ.

ನಮ್ಮಲ್ಲಿ ಇನ್ನೊಂದು ಜಾತಿಯ ಪೈಲಟ್ಟೂ ಇದೆ. ಲೋಕಲ್ಲಾಗಿ ಮಾಡಿಸಿದ ಭಟ್ಟಿ, ಚೈನೀಸ್ ರೇಂಜ್‌ಗಳಲ್ಲಿ ಬರೀ ಒಂದು ಪೈಪು, ಒಂದು ಹಿತ್ತಾಳೆ ಕಾಕು. ಥರ್ಮೋಕಪಲ್ ಇಲ್ಲ, ಏನೂ ಇಲ್ಲ. ಇದು ಅಷ್ಟು ಒಳ್ಳೆಯದಲ್ಲ. ಆದರೂ ದೊಡ್ಡ ಬರ್ನರ್ ಆರಿದರೆ ಪಕ್ಕದ ಪೈಲಟ್ ಕೂಡಲೇ ಮತ್ತೆ ಹಚ್ಚುತ್ತದೆ, ಗ್ಯಾಸ್ ಶೇಖರವಾಗಲು ಬಿಡುವುದಿಲ್ಲ. ಅಷ್ಟಾದರೂ ಕೆಲಸ ಅದು ಮಾಡುತ್ತದೆ.

ಈಗ ಇದನ್ನು ಕಿತ್ತು, ಒಂದು ಬಟನ್ನು ಒತ್ತಿದರೆ ಚಟಚಟ ಅನ್ನುವ ಕಿಡಿ ಪೆಟ್ಟಿಗೆ ಕೂರಿಸಿ, 'ಎಲೆಕ್ಟ್ರಾನಿಕ್ ಇಗ್ನಿಷನ್' ಅಂತ ಬಿಲ್ ಬರೆಯುತ್ತಾರೆ. ಹಚ್ಚುವ ಕೆಲಸ ಆಯಿತು, ಸರಿ. ಕಾಯುವ ಕೆಲಸ? ಕಾವಲು ನಾಯಿಯನ್ನು ಓಡಿಸಿ ಬಾಗಿಲಿಗೆ ಕಾಲಿಂಗ್ ಬೆಲ್ ಹಾಕಿಸಿದ ಹಾಗೆ ಇದು. ಉರಿ ಆರಿದರೆ ಗ್ಯಾಸ್ ಹೋಗುತ್ತಲೇ ಇರುತ್ತದೆ, ಕಿಡಿ ಪೆಟ್ಟಿಗೆಗೆ ಅದರ ಗೊಡವೆಯೇ ಇಲ್ಲ.

ಇತ್ತೀಚೆಗೆ ಒಂದು ಹೋಟೆಲಿನಲ್ಲಿ ಫ್ರೈಯರ್ ಬಿಚ್ಚಿ ನೋಡಿದೆ. ಯಾವ ಊರು, ಯಾವ ಹೋಟೆಲ್ ಅಂತ ಬೇಡ. ಪೈಲಟ್ಟಿಗೆ ಹೋಗುತ್ತಿದ್ದ ಕಾಪರ್ ಪೈಪನ್ನು ಅರ್ಧಕ್ಕೆ ಕತ್ತರಿಸಿ, ತುದಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿ, ಎರಡು ಮಡಿಕೆ ಮಡಿಸಿ, ಮೇಲೆ ಎಂ-ಸೀಲ್ ಮೆತ್ತಿದ್ದರು. ಎಣ್ಣೆ ಜಿಡ್ಡಿನಲ್ಲಿ, ಆ ಶಾಖದಲ್ಲಿ ಎಂ-ಸೀಲ್ ಬಿರುಕು ಬಿಟ್ಟಿತ್ತು. ಸೋಪ್ ನೀರು ಹಚ್ಚಿದರೆ ಗುಳ್ಳೆ ಏಳುತ್ತಿದೆ. ಥರ್ಮೋಕಪಲ್ ಎಲ್ಲಿ ಅಂತ ಹುಡುಕಿದರೆ, ಪಕ್ಕದ ಬರ್ನರಿನ ಉರಿಗೆ ಕಡ್ಡಿಯನ್ನು ತಂತಿಯಲ್ಲಿ ಕಟ್ಟಿದ್ದಾರೆ! ಆ ಬರ್ನರ್ ಉರಿಯುತ್ತಿದ್ದರೆ ಸಾಕು, ಈ ಫ್ರೈಯರಿನ ಉರಿ ಇರಲಿ ಬಿಡಲಿ, ವಾಲ್ವಿಗೆ ಎಲ್ಲ ಸರಿಯಿದೆ ಅಂತಲೇ ಸುದ್ದಿ ಹೋಗುತ್ತಿರುತ್ತದೆ. ಬುದ್ಧಿವಂತಿಕೆ ಏನೋ ಇದೆ, ಹೋಗಿದ್ದು ತಪ್ಪು ದಾರಿಗೆ. ಆ ಎಣ್ಣೆ ಬಾಣಲೆಯ ಮುಂದೆ ನಿಲ್ಲುವ ಹುಡುಗನಿಗೆ ಇದು ಯಾವುದೂ ಗೊತ್ತಿಲ್ಲ. ಬೆಳಗ್ಗೆ ಬಟನ್ ಒತ್ತಿದಾಗ ಕೆಲವೊಮ್ಮೆ 'ಭುಗ್' ಅನ್ನುತ್ತೆ ಸಾರ್, ಅಭ್ಯಾಸ ಆಗಿಹೋಗಿದೆ ಅಂದ. ಆ ಭುಗ್ ಅಂದರೆ ಗ್ಯಾಸ್ ಮೊದಲು ತುಂಬಿಕೊಂಡು ಆಮೇಲೆ ಹತ್ತಿಕೊಂಡಿದೆ ಅಂತ ಅರ್ಥ. ಅದಕ್ಕೆ ಅಭ್ಯಾಸ ಆಗಬಾರದು.

ನಮ್ಮ ಎಲ್‌ಪಿಜಿ ಗಾಳಿಗಿಂತ ಭಾರ. ಅದರಲ್ಲಿರುವ ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಸುಮಾರು ಎರಡು ಪಟ್ಟು. ಸೋರಿದರೆ ಮೇಲಿನ ಎಕ್ಸಾಸ್ಟ್ ಫ್ಯಾನಿಗೆ ಸಿಗುವುದಿಲ್ಲ, ನೆಲದಲ್ಲಿ ಹರಿದು ಒಲೆಯ ಕೆಳಗೆ, ಚರಂಡಿ ಗುಂಡಿಯಲ್ಲಿ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ, ಹತ್ತಿಕೊಳ್ಳಲು ನೂರಕ್ಕೆ ಐದು ಪಾಲಾದರೂ ಬೇಕು. ಈ ವ್ಯತ್ಯಾಸ ಇಗ್ನಿಷನ್ ಸೆಟ್ ಆರಿಸುವಾಗಲೂ ಲೆಕ್ಕಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಹಾಗಾದರೆ ಸರಿಯಾದ ಎಲೆಕ್ಟ್ರಾನಿಕ್ ಇಗ್ನಿಷನ್ ಹೇಗಿರಬೇಕು? ಅದರಲ್ಲಿ ಕಿಡಿ ಕಡ್ಡಿ ಒಂದೇ ಇರುವುದಿಲ್ಲ. ಕರೆಂಟ್ ಕೊಟ್ಟರೆ ಮಾತ್ರ ತೆರೆಯುವ, ಹೋದರೆ ತಾನೇ ಮುಚ್ಚುವ ಗ್ಯಾಸ್ ವಾಲ್ವ್ ಬೇಕು. ಒಳ್ಳೆಯದರಲ್ಲಿ ಒಂದರ ಹಿಂದೆ ಒಂದು ಎರಡು ಬಾಗಿಲು ಇರುತ್ತವೆ, ಒಂದರಲ್ಲಿ ಕಸ ಸಿಕ್ಕಿದರೆ ಇನ್ನೊಂದು ಮುಚ್ಚಲಿ ಅಂತ. ಉರಿ ಇದೆಯೋ ಇಲ್ಲವೋ ನೋಡುವ ಸೆನ್ಸರ್ ಕಡ್ಡಿ ಬೇಕು. ಇವೆರಡನ್ನೂ ಆಳುವ ಕಂಟ್ರೋಲರ್ ಬೇಕು. ಸ್ವಿಚ್ ಹಾಕಿದರೆ ಕಂಟ್ರೋಲರ್ ಕಿಡಿ ಹಾರಿಸುತ್ತದೆ, ವಾಲ್ವ್ ತೆರೆಯುತ್ತದೆ, ಕೆಲವೇ ಸೆಕೆಂಡಿನಲ್ಲಿ ಉರಿ ಕಾಣದಿದ್ದರೆ ವಾಲ್ವ್ ಮುಚ್ಚಿ ಕೆಂಪು ದೀಪ ಹಾಕಿ ಕೂರುತ್ತದೆ. ಇದನ್ನು ಲಾಕೌಟ್ ಅನ್ನುತ್ತಾರೆ. ಮನುಷ್ಯ ಬಂದು ರೀಸೆಟ್ ಒತ್ತುವವರೆಗೆ ಗ್ಯಾಸ್ ಬಿಡುವುದಿಲ್ಲ.

ಇದರಲ್ಲೂ ಎರಡು ಬಗೆ. ಒಂದರಲ್ಲಿ ಕಿಡಿ ನೇರವಾಗಿ ದೊಡ್ಡ ಬರ್ನರಿಗೇ ಬೀಳುತ್ತದೆ. ಇನ್ನೊಂದರಲ್ಲಿ ಪೈಲಟ್ ಉಳಿದುಕೊಳ್ಳುತ್ತದೆ, ಆದರೆ ಬೇಕಾದಾಗ ಮಾತ್ರ ಕಿಡಿಯಿಂದ ಹತ್ತಿ, ಅದರ ಉರಿ ಖಾತ್ರಿಯಾದ ಮೇಲೆ ದೊಡ್ಡದಕ್ಕೆ ಗ್ಯಾಸ್ ಹೋಗುತ್ತದೆ. ದೊಡ್ಡ ಬರ್ನರಿಗೆ ನನ್ನ ಮತ ಎರಡನೆಯದಕ್ಕೇ. ಸಣ್ಣ ಉರಿ ಹತ್ತದಿದ್ದರೆ ಹೋಗುವ ಗ್ಯಾಸೂ ಸಣ್ಣದೇ. ಇಲ್ಲಿ ಒಂದು ಎಚ್ಚರಿಕೆ. ಪೈಲಟ್ ಹತ್ತದಿದ್ದರೂ ಗ್ಯಾಸ್ ನಿಲ್ಲಿಸದೆ ಕಿಡಿ ಹಾರಿಸುತ್ತಲೇ ಇರುವ ಸೆಟ್ಟುಗಳೂ ಇವೆ. ಅವು ಹಗುರವಾದ ನೈಸರ್ಗಿಕ ಅನಿಲಕ್ಕೆ ಮಾಡಿದವು. ಎಲ್‌ಪಿಜಿಗೆ ಅವು ಬೇಡವೇ ಬೇಡ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿ 'ಇದನ್ನ ಫಿಟ್ ಮಾಡಿ' ಅನ್ನುವವರು ಡಬ್ಬಿಯ ಮೇಲೆ ಯಾವ ಅನಿಲಕ್ಕೆ ಅಂತ ಬರೆದಿದೆ ಮೊದಲು ಓದಿ.

ಇನ್ನು ಪ್ರೆಶರ್. ಮನೆ ಒಲೆಗೆ ರೆಗ್ಯುಲೇಟರ್‌ನಿಂದ 30 ಮಿಲಿಬಾರ್ ಬರುತ್ತದೆ. ಹೋಟೆಲಿನ ಹೈ-ಪ್ರೆಶರ್ ಭಟ್ಟಿಗೆ ಅದರ ಎಷ್ಟೋ ಪಟ್ಟು. ಅವನ್, ಫ್ರೈಯರ್‌ಗಳಿಗೆ ಬರುವ ಕಂಟ್ರೋಲ್ ವಾಲ್ವ್‌ಗಳು ಸಾಮಾನ್ಯವಾಗಿ ಕಡಿಮೆ ಪ್ರೆಶರಿಗೆ ಮಾಡಿದವು, ಎಷ್ಟು ತಡೆಯುತ್ತದೆ ಅನ್ನುವುದು ಅದರ ಮೈಮೇಲೇ ಇರುತ್ತದೆ. ಅದನ್ನು ತಂದು ಹೈ-ಪ್ರೆಶರ್ ಲೈನಿಗೆ ತಿರುಪಿದರೆ ಒಳಗಿನ ಡಯಾಫ್ರಂ, ಅಂದರೆ ತೆಳು ಪರದೆ, ಉಳಿಯುತ್ತದೆಯೇ? ಇದಕ್ಕಿಂತ ಕೆಟ್ಟದ್ದು, ನೀರಿಗೋ ಕಂಪ್ರೆಸರ್ ಗಾಳಿಗೋ ಹಾಕುವ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ) ವಾಲ್ವನ್ನೇ ಗ್ಯಾಸಿಗೆ ಹಾಕುವುದು. ಥ್ರೆಡ್ ಕೂತಿತು ಅಂದರೆ ಹೊಂದಿತು ಅಂತಲ್ಲ. ಒಳಗಿನ ರಬ್ಬರ್ ಬೇರೆ, ಎಲ್‌ಪಿಜಿಗೆ ಊದಿಕೊಳ್ಳುವ ರಬ್ಬರೂ ಇದೆ.

ಸೆನ್ಸರ್ ಕಡ್ಡಿಯ ಕತೆ ಇನ್ನೂ ಮಜವಾಗಿದೆ. ಉರಿಯೊಳಗೆ ಕರೆಂಟ್ ಸ್ವಲ್ಪ ಹರಿಯುತ್ತದೆ, ಅದೂ ಒಂದು ದಿಕ್ಕಿಗೆ ಜಾಸ್ತಿ. ಕಡ್ಡಿಯಿಂದ ಉರಿ ಮೂಲಕ ಬರ್ನರಿಗೆ, ಅಲ್ಲಿಂದ ಅರ್ತಿಂಗ್ ತಂತಿಯಲ್ಲಿ ವಾಪಸ್ ಕಂಟ್ರೋಲರಿಗೆ. ಈ ಕರೆಂಟ್ ಎಷ್ಟು ಅಂದರೆ ಕೆಲವೇ ಮೈಕ್ರೋ ಆಂಪಿಯರ್, ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಕೆಲವು ಪಾಲು. ಅರ್ತಿಂಗ್ ಸರಿಯಿಲ್ಲದಿದ್ದರೆ ಇಷ್ಟು ಸಣ್ಣ ಕರೆಂಟ್ ವಾಪಸ್ ಬರುವುದಿಲ್ಲ. ಉರಿ ಚೆನ್ನಾಗಿ ಉರಿಯುತ್ತಿದ್ದರೂ ಕಂಟ್ರೋಲರ್ ಇಲ್ಲ ಅಂದುಕೊಂಡು ಗ್ಯಾಸ್ ಮುಚ್ಚುತ್ತದೆ. ಕೆಲವು ಸೆಟ್ಟುಗಳು ಪ್ಲಗ್ಗಿನಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲಾದರೂ ಹಾಗೇ ಮಾಡುತ್ತವೆ. ನಮ್ಮ ಹೋಟೆಲುಗಳ ಅರ್ತಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ತಂತಿ ಗೋಡೆಯೊಳಗೆ ಎಲ್ಲಿಗೂ ಹೋಗಿರುವುದಿಲ್ಲ.

ಆಗ ಏನಾಗುತ್ತದೆ ಗೊತ್ತಾ? ಬೆಳಗಿನ ರಶ್ಶಿನಲ್ಲಿ ಒಲೆ ಪದೇಪದೇ ಆರುತ್ತದೆ, ಓನರಿಗೆ ಕೋಪ ಬರುತ್ತದೆ, ಮೆಕ್ಯಾನಿಕ್ಕಿಗೆ ಫೋನ್ ಹೋಗುತ್ತದೆ. "ಡೈರೆಕ್ಟ್ ಮಾಡಿಬಿಡಿ." ನಮ್ಮ ಕಸುಬಿನಲ್ಲಿ ಇದಕ್ಕಿಂತ ಅಪಾಯದ ಮಾತು ನಾನು ಕೇಳಿಲ್ಲ. ವಾಲ್ವಿಗೆ ನೇರ ಕರೆಂಟ್ ಕೊಟ್ಟು ಕಂಟ್ರೋಲರನ್ನು ಪಕ್ಕಕ್ಕಿಡುತ್ತಾರೆ. ಅಲ್ಲಿಗೆ ದುಡ್ಡು ಕೊಟ್ಟು ಹಾಕಿಸಿದ ಕಾವಲೂ ಹೋಯಿತು, ಪೈಲಟ್ಟಂತೂ ಮೊದಲೇ ಹೋಗಿತ್ತು. ಒಲೆ ಪದೇಪದೇ ಆರುತ್ತಿದ್ದರೆ ಮೊದಲು ಅರ್ತಿಂಗ್ ನೋಡಿಸಿ, ಕಡ್ಡಿಯ ಮೇಲಿನ ಮಸಿ ಒರೆಸಿ, ಕಡ್ಡಿಯ ಸುತ್ತಲಿನ ಪಿಂಗಾಣಿ ಬಿರುಕು ಬಿಟ್ಟಿದೆಯಾ ನೋಡಿ, ಕಿಡಿಯ ಸಂದು ಮೂರು ನಾಲ್ಕು ಮಿಲಿಮೀಟರ್ ಇದೆಯಾ ನೋಡಿ. ನಾನು ನೋಡಿದ ದೂರುಗಳಲ್ಲಿ ಬಹಳಷ್ಟು ಇಷ್ಟರಲ್ಲೇ ಮುಗಿದಿವೆ. ರಾತ್ರಿ ಪೈಪ್ ಹಿಡಿದು ನೀರು ಹೊಡೆದು ಅಡುಗೆಮನೆ ತೊಳೆಯುವವರು ಆ ಕಂಟ್ರೋಲರ್ ಡಬ್ಬಿಯ ಕಡೆ ನೀರು ಹಾರಿಸಬೇಡಿ.

'ಕರೆಂಟ್ ಹೋದರೆ?' ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಥರ್ಮೋಕಪಲ್ ಇರುವ ಪೈಲಟ್ಟಿಗೆ ಹೊರಗಿನ ಕರೆಂಟ್ ಬೇಡ, ಅದೇ ಅದರ ದೊಡ್ಡ ಗುಣ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಇನ್ವರ್ಟರ್ ಇಲ್ಲದೆ ಈ ಬದಲಾವಣೆಗೆ ಕೈಹಾಕಬೇಡಿ. ಯಾಕೆಂದರೆ ಕರೆಂಟ್ ಹೋದ ಹೊತ್ತಿನಲ್ಲೇ ಯಾರೋ ಒಬ್ಬ ಬೈಪಾಸ್ ಪೈಪು ಹಾಕಿಬಿಡುವ ಐಡಿಯಾ ಕೊಡುವುದು. ಅಮೆರಿಕದಲ್ಲಿ ಕರೆಂಟ್ ವೈರ್ ಇರುವ ಮನೆಬಳಕೆಯ ಅಡುಗೆ ಒಲೆಗಳಿಗೆ 1990ರಿಂದ, ವೈರ್ ಇಲ್ಲದವಕ್ಕೆ 2012ರ ಏಪ್ರಿಲ್‌ನಿಂದ ಸದಾ ಉರಿಯುವ ಪೈಲಟ್ ಹಾಕಿ ತಯಾರಿಸಬಾರದು ಅಂತ ನಿಯಮವಿದೆ. ಅಲ್ಲಿರುವ ನಮ್ಮವರ ಹಳೆ ಮನೆಗಳ ನೆಲಮಾಳಿಗೆಯಲ್ಲಿ ಪೈಲಟ್ ಇರುವ ಹೀಟರ್‌ಗಳು ಇನ್ನೂ ಇವೆ, ವಿಡಿಯೋ ನೋಡಿ ತಾವೇ ಬದಲಿಸುತ್ತೇವೆ ಅನ್ನುವವರೂ ಇದ್ದಾರೆ. ಬೇಡ. ಅಲ್ಲಿ ಅದಕ್ಕೆಂದೇ ಲೈಸನ್ಸ್ ಇರುವ ಕೆಲಸಗಾರರು ಸಿಗುತ್ತಾರೆ, ಕರೆಸಿ.

ಬದಲಾವಣೆ ಮಾಡಿಸುವ ದಿನ ಓನರ್ ಅಡುಗೆಮನೆಯಲ್ಲೇ ಇರಲಿ. ಮೊದಲು ಮೇನ್ ಮುಚ್ಚಿ, ಲೈನಿನಲ್ಲಿ ಉಳಿದ ಗ್ಯಾಸನ್ನು ಬರ್ನರಿನಲ್ಲೇ ಉರಿಸಿ ಖಾಲಿ ಮಾಡಬೇಕು. ಆಮೇಲೆ ಪಕ್ಕದ ಒಲೆಗಳೂ ಆರಿರಬೇಕು, ಬಾಗಿಲು ಕಿಟಕಿ ತೆಗೆದಿರಬೇಕು. ಹಳೆ ಪೈಲಟ್ ಲೈನನ್ನು ಬುಡದಲ್ಲೇ ಬಿಚ್ಚಿ ಹಿತ್ತಾಳೆ ಪ್ಲಗ್ ಹಾಕಬೇಕು. ಜಜ್ಜುವುದು, ಮಡಿಸುವುದು, ಮೆತ್ತುವುದು ಯಾವುದೂ ಬೇಡ. ಕೆಲಸ ಮುಗಿದ ಮೇಲೆ ಮುಟ್ಟಿದ ಪ್ರತಿ ಜಾಯಿಂಟಿಗೂ ಸೋಪ್ ನೀರು ಹಚ್ಚಿ ಗುಳ್ಳೆ ನೋಡಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವನನ್ನು ಅಲ್ಲೇ ಆಚೆ ಕಳಿಸಿ. ಇಷ್ಟಾದ ಮೇಲೆ ಹಣ ಕೊಡುವ ಮುಂಚೆ ಒಂದು ಪರೀಕ್ಷೆ. ಒಲೆಯ ಹಿಂದಿನ ಕೈಕಾಕ್ ಮುಚ್ಚಿಯೇ ಸ್ವಿಚ್ ಹಾಕಲು ಹೇಳಿ. ಕಿಡಿ ಕೆಲವು ಸೆಕೆಂಡ್ ಬಂದು ನಿಲ್ಲಬೇಕು, ಕೆಂಪು ದೀಪ ಬರಬೇಕು. ಈಗ ಕಾಕ್ ತೆರೆದರೂ ಬರ್ನರಿನಲ್ಲಿ ಸುಯ್ ಅನ್ನುವ ಸದ್ದು ಬರಬಾರದು. ಆಮೇಲೆ ರೀಸೆಟ್ ಮಾಡಿ ಹಚ್ಚಿಸಿ, ಉರಿಯುತ್ತಿರುವಾಗ ಸೆನ್ಸರಿನ ವೈರ್ ಕೀಳಲು ಮೆಕ್ಯಾನಿಕ್ಕಿಗೇ ಹೇಳಿ. ಆ ಕ್ಷಣವೇ ಉರಿ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಅವರು ಹಾಕಿದ್ದು ದುಬಾರಿ ಲೈಟರ್ ಅಷ್ಟೇ, ಬಿಲ್ ಕಟ್ಟಬೇಡಿ.

ಮನೆಯವರಿಗೂ ಒಂದು ಮಾತು. ಹಳೆ ಗ್ಯಾಸ್ ಗೀಸರಿನಲ್ಲಿ ಪೈಲಟ್ ಇದ್ದರೆ ಅದನ್ನು ಬದಲಾಯಿಸಲು ಹೋಗಬೇಡಿ, ಗೀಸರನ್ನೇ ತೆಗೆಸಿ. ಈಗ ಬರುವವು ಎರಡು ದಪ್ಪ ಸೆಲ್ಲಿನಲ್ಲಿ ತಾವೇ ಹತ್ತಿಕೊಳ್ಳುತ್ತವೆ, ನೀರಿನ ಒತ್ತಡ ಬಂದರೆ ಮಾತ್ರ ಗ್ಯಾಸ್ ಬಿಡುತ್ತವೆ. ಆದರೆ ಎಲೆಕ್ಟ್ರಾನಿಕ್ ಅಂದಮಾತ್ರಕ್ಕೆ ಬಚ್ಚಲಮನೆಯೊಳಗೆ ಹಾಕಿಸಬಹುದು ಅಂತಲ್ಲ. ಚಳಿಗಾಲ ಬಂದರೆ ಬಚ್ಚಲಮನೆಯ ಸಾವಿನ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಅಲ್ಲಿ ಕೊಲ್ಲುವುದು ಹೆಚ್ಚಾಗಿ ಸೋರಿದ ಗ್ಯಾಸಲ್ಲ, ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ. ಕಿಡಿಯಿಂದ ಹತ್ತಿದರೂ ಪೈಲಟ್ಟಿನಿಂದ ಹತ್ತಿದರೂ ಉರಿ ಉರಿಯೇ. ಗೀಸರ್ ಹೊರಗಿರಲಿ, ಬಿಸಿನೀರು ಪೈಪಿನಲ್ಲಿ ಒಳಗೆ ಬರಲಿ.

ಸಂಬಂಧಪಟ್ಟವರಿಗೆ ನನ್ನದೊಂದು ಬೇಡಿಕೆ ಇದೆ. ಹೋಟೆಲ್ ಲೈಸನ್ಸ್ ರಿನ್ಯೂವಲ್‌ಗೆ ತಪಾಸಣೆಗೆ ಬರುವವರು ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡಿ ಹೋಗುತ್ತಾರೆ. ಜೊತೆಗೆ ಪ್ರತಿ ಬರ್ನರಿಗೂ ಉರಿ ಆರಿದರೆ ಗ್ಯಾಸ್ ಮುಚ್ಚುವ ಸಾಧನ ಇದೆಯಾ, ಇದ್ದರೆ ಅದನ್ನು 'ಡೈರೆಕ್ಟ್' ಮಾಡಿದ್ದಾರಾ ಅಂತಲೂ ನೋಡಲಿ. ಎರಡು ನಿಮಿಷದ ಕೆಲಸ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಹುಡುಗರಿಗೆ ಗ್ಯಾಸ್ ಬರ್ನರ್ ಕಂಟ್ರೋಲ್ ಬಗ್ಗೆ ಒಂದು ಸಣ್ಣ ಕೋರ್ಸ್ ಇಟ್ಟರೆ ಇನ್ನೂ ಒಳ್ಳೆಯದು. ಈಗ ಈ ಕೆಲಸ ಮಾಡುವ ನಮ್ಮಲ್ಲಿ ಬಹಳ ಜನ ಒಬ್ಬರನ್ನೊಬ್ಬರು ನೋಡಿ ಕಲಿತವರು. ಅದರಲ್ಲಿ ಒಳ್ಳೆಯದೂ ಹರಡುತ್ತದೆ, ಎಂ-ಸೀಲೂ ಹರಡುತ್ತದೆ.

ಹೋಟೆಲ್ ಮಾಲೀಕರು ಈ ಪತ್ರ ಓದುತ್ತಿದ್ದರೆ, ಈಗಾಗಲೇ ಬದಲಾಯಿಸಿಕೊಂಡಿದ್ದರೆ, ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೇಲೆ ಹೇಳಿದ ಕೈಕಾಕಿನ ಪರೀಕ್ಷೆ ಮಾಡಿನೋಡಿ. ಸುಯ್ ಅಂದರೆ ಮೇನ್ ಮುಚ್ಚಿ, ಆ ಒಲೆಯನ್ನು ನಾಳೆ ಹಚ್ಚಬೇಡಿ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಎಲ್ಲರನ್ನೂ ಹೊರಗೆ ಕಳಿಸಿ, ಹೊರಗೆ ಬಂದೇ ಫೋನ್ ಮಾಡಿ. ಎಲ್‌ಪಿಜಿ ತುರ್ತು ಸಹಾಯವಾಣಿ 1906.

ಇತಿ,
ಗ್ಯಾಸ್ ಸಾಮಾನು ರಿಪೇರಿ ಕೆಲಸದ ಓದುಗ, ತುಮಕೂರು